ಸೈಟು ನೋಡಿ ಹೋದವರು, ಮನೆ ನೋಡಿ ಕೂತವರು: ಮೈಸೂರಿನ ಹಳೇ ಮನೆಯೊಂದರ ಮಾರಾಟದ ಪ್ರಕರಣ

ಕುವೆಂಪುನಗರದಲ್ಲಿ ಮೂವತ್ತು-ನಲವತ್ತರ ಸೈಟಿನ ಮೇಲೆ 1988ರಲ್ಲಿ ಕಟ್ಟಿದ ಮನೆ. ಕೆಳಗೆ ಹಾಲ್, ಎರಡು ರೂಮು, ಅಡುಗೆಮನೆ, ದೇವರಮನೆ. ಮೇಲೆ ಒಂದು ರೂಮು ಮತ್ತು ತಾರಸಿ. ಮೊಸಾಯಿಕ್ ನೆಲ, ಸಾಗುವಾನಿ ಬಾಗಿಲು, ಪೂರ್ವಕ್ಕೆ ಮುಖ, ಮುಂದೆ ತುಳಸಿಕಟ್ಟೆ. ಖಾತೆ, ಕಂದಾಯ, ಋಣಭಾರ ಪತ್ರ ಎಲ್ಲ ಸರಿಯಾಗಿತ್ತು. ವಾಸ್ತು ಕೇಳುವವರ ಬಾಯಿ ಮುಚ್ಚಿಸಲು ಅಡುಗೆಮನೆ ಆಗ್ನೇಯದಲ್ಲೂ ದೇವರಮನೆ ಈಶಾನ್ಯದಲ್ಲೂ ಇದ್ದವು. ಇಂಥ ಮನೆ ಯುಗಾದಿ ಕಳೆದ ಮೇಲೆ ಮಾರಾಟಕ್ಕೆ ಬಂದು, ಆಷಾಢ ಕಾಲಿಡುವ ಹೊತ್ತಿಗೂ ಕುದುರಿರಲಿಲ್ಲ.

ನೋಡಲು ಜನ ಬರದೇ ಇರಲಿಲ್ಲ. ಬಂದವರು ಹಾಲ್ ದಾಟಿ, ಹಿಂದಿನ ರೂಮಿಗೆ ಇಣುಕಿ, ಅಡುಗೆಮನೆಯ ಬಾಗಿಲಲ್ಲೇ ನಿಂತು ತಿರುಗಿಬಿಡುತ್ತಿದ್ದರು. ಆಮೇಲೆ ಕಾಂಪೌಂಡಿನ ಪಕ್ಕ ನಿಂತು ಕೇಳುತ್ತಿದ್ದ ಪ್ರಶ್ನೆಗಳೆಲ್ಲ ರಸ್ತೆಯ ಅಗಲ, ಸೈಟಿನ ಅಳತೆ, ಪಕ್ಕದವರು ಎಷ್ಟು ಜಾಗ ಬಿಟ್ಟಿದ್ದಾರೆ ಎಂಬುದರ ಬಗ್ಗೆ. ಮನೆಯ ಬಗ್ಗೆ ಒಂದು ಮಾತೂ ಇಲ್ಲ. ಕೇಳಿದ್ದ ಬೆಲೆ 1 ಕೋಟಿ 30 ಲಕ್ಷ. ಬಂದ ಮಾತು 1 ಕೋಟಿ 5 ಲಕ್ಷ. ಅದೂ ಯಾವ ಲೆಕ್ಕದಲ್ಲಿ ಎಂದರೆ ಸೈಟಿನ ರೇಟು ಹಿಡಿದು, ಮನೆ ಒಡೆದು ಕಲ್ಲುಮಣ್ಣು ಸಾಗಿಸುವ ಖರ್ಚು ಕಳೆದು.

ಬ್ರೋಕರ್ ಮನೆಯೊಡತಿಯ ಮಗಳಿಗೆ ಫೋನಿನಲ್ಲಿ ಹೇಳಿದ್ದು ಇಷ್ಟೇ: "ಮೇಡಂ, ಮನೆ ಲೆಕ್ಕ ಬಿಟ್ಬಿಡಿ. ಸೈಟ್ ರೇಟಿಗೆ ಮಾತಾಡೋಣ, ಬೇಗ ಆಗುತ್ತೆ."

ಹಳೇ ಬಡಾವಣೆಗಳಲ್ಲಿ ಮನೆ ಮಾರುವ ಯಾರಿಗೂ ಈ ಮಾತು ಹೊಸದಲ್ಲ. ಮೂವತ್ತು ವರ್ಷ ದಾಟಿದ ಮನೆಗೆ ಎರಡು ಬಗೆಯ ಗಿರಾಕಿಗಳು ಬರುತ್ತಾರೆ. ಒಡೆದು ಹೊಸದು ಕಟ್ಟುವವರು ಒಂದು ಬಗೆ, ಬಂದು ವಾಸ ಮಾಡುವವರು ಇನ್ನೊಂದು. ಮೊದಲನೆಯವರಿಗೆ ನೀವು ಮನೆಗೆ ಚಿನ್ನದ ತಗಡು ಹೊದಿಸಿದರೂ ಒಂದೇ. ಎರಡನೆಯವರು ಮಾತ್ರ ಗೋಡೆ, ಕಿಟಕಿ, ಬಾಗಿಲಿಗೆ ದುಡ್ಡು ಕೊಡುವವರು. ಈ ಮನೆಯ ತೊಂದರೆ ಏನೆಂದರೆ, ಎರಡನೆಯ ಬಗೆಯವರೂ ಹೊಸಿಲು ದಾಟಿ ಒಳಗೆ ಬಂದು ಮೊದಲನೆಯ ಬಗೆಯವರಾಗಿ ಹೊರಗೆ ಹೋಗುತ್ತಿದ್ದರು. ಅವರನ್ನು ಬದಲಾಯಿಸುತ್ತಿದ್ದದ್ದು ವಾಸನೆ.

ಮನೆಯೊಡತಿ ನಿವೃತ್ತ ಹೈಸ್ಕೂಲ್ ಟೀಚರು. ಪತಿ ತೀರಿಕೊಂಡ ಮೇಲೆ ಬೆಂಗಳೂರಿನಲ್ಲಿರುವ ಮಗಳ ಮನೆಗೆ ಹೋಗಿದ್ದರು. ಅಂದಿನಿಂದ ಮನೆಗೆ ಬೀಗ. ವಾರಕ್ಕೊಮ್ಮೆ ಕೆಲಸದವಳು ಬಂದು ಅಂಗಳ ಗುಡಿಸಿ, ತುಳಸಿಗೆ ನೀರು ಹಾಕಿ ಹೋಗುತ್ತಿದ್ದಳು. ಕಿಟಕಿ ತೆಗೆಯಿರಿ ಎಂದು ಅವಳಿಗೆ ಯಾರೂ ಹೇಳಿರಲಿಲ್ಲ.

ಮಗಳಿಗೆ ವಾಸನೆಯ ವಿಷಯ ಗೊತ್ತಾಗಿತ್ತು. ಆಕೆ ಮಾಡಿದ್ದು ನಮ್ಮಲ್ಲಿ ನೂರಕ್ಕೆ ತೊಂಬತ್ತು ಜನ ಮಾಡುವುದನ್ನೇ. ಪ್ಲಗ್ಗಿಗೆ ಸಿಕ್ಕಿಸುವ ಲ್ಯಾವೆಂಡರ್ ಯಂತ್ರ ಮೂರು ರೂಮಿಗೆ, ಬಚ್ಚಲಿಗೆ ಫಿನಾಯಿಲು, ಪಾರ್ಟಿ ಬರುವ ಅರ್ಧ ಗಂಟೆ ಮೊದಲು ಸಾಂಬ್ರಾಣಿ ಹೊಗೆ. ನಾನು ಮೊದಲ ಸಲ ಒಳಗೆ ಕಾಲಿಟ್ಟಾಗ ಇದೆಲ್ಲದರ ಕೆಳಗೆ ಮುಗ್ಗಲು ವಾಸನೆ ಹಾಗೇ ಕೂತಿತ್ತು. ಕೆಟ್ಟ ವಾಸನೆಯ ಮೇಲೆ ಒಳ್ಳೆಯದನ್ನು ಸುರಿದರೆ ಮೊದಲಿನದು ಹೋಗುವುದಿಲ್ಲ, ಎರಡೂ ಸೇರಿ ಮೂರನೆಯದೊಂದು ಹುಟ್ಟುತ್ತದೆ. ಅದಕ್ಕಿಂತ ಕೆಟ್ಟದ್ದೆಂದರೆ ಬಂದವರ ಮನಸ್ಸಿನಲ್ಲಿ ಏಳುವ ಅನುಮಾನ. ಖಾಲಿ ಮನೆಯಲ್ಲಿ ಇಷ್ಟು ಘಮ ಯಾಕೆ, ಏನು ಮುಚ್ಚಿಡುತ್ತಿದ್ದಾರೆ? ಒಬ್ಬರಂತೂ ರೂಮಿನೊಳಗೆ ಬಂದವರೇ ಗೋಡೆ ತಟ್ಟಿ ನೋಡಲು ಶುರು ಮಾಡಿದ್ದರಂತೆ.

ಒಳಾಂಗಣದ ಕೆಲಸ ಮಾಡಿಸುವ ನನ್ನನ್ನು ಕರೆಸಿದ್ದು "ಸ್ವಲ್ಪ ಡೆಕೊರೇಷನ್ ಮಾಡಿಕೊಡಿ" ಎಂದು. ಮೊದಲು ಒಪ್ಪಿಕೊಂಡ ಕರಾರು ಬೇರೆಯೇ: ಘಮದ ಸಾಮಾನೆಲ್ಲ ಹೊರಗೆ, ನಾನು ಹೇಳುವ ತನಕ ಮನೆ ಯಾರಿಗೂ ತೋರಿಸುವ ಹಾಗಿಲ್ಲ. ಹೇಗೂ ಆಷಾಢ, ಬರುವವರೂ ಇರಲಿಲ್ಲ.

ಮೂಗಿನ ತಪಾಸಣೆ

ಸ್ವಂತ ಮನೆಯ ವಾಸನೆ ಸ್ವಂತದವರಿಗೆ ತಿಳಿಯುವುದಿಲ್ಲ. ಒಂದೇ ವಾಸನೆ ಎಡೆಬಿಡದೆ ಬರುತ್ತಿದ್ದರೆ ಮೂಗು ಕೆಲವೇ ನಿಮಿಷಗಳಲ್ಲಿ ಅದಕ್ಕೆ ಒಗ್ಗಿಕೊಂಡು ಸುಮ್ಮನಾಗುತ್ತದೆ. ಹಾಗಾಗಿ ತಪಾಸಣೆಯನ್ನು ಹೊರಗಿನವರೇ ಮಾಡಬೇಕು, ಅವರೂ ಬೇಗ ಮಾಡಬೇಕು. ರಾತ್ರಿಯಿಡೀ ಎಲ್ಲ ಕಿಟಕಿ, ಎಲ್ಲ ರೂಮಿನ ಬಾಗಿಲು ಮುಚ್ಚಿಟ್ಟು, ಬೆಳಿಗ್ಗೆ ಒಂದೊಂದೇ ರೂಮು ತೆಗೆದು, ಮೊದಲ ಉಸಿರಿಗೆ ಏನು ಬಂತೋ ಅದನ್ನು ಬರೆದುಕೊಂಡು, ಅಂಗಳಕ್ಕೆ ಬಂದು ಗಾಳಿ ಕುಡಿದು, ಮತ್ತೆ ಮುಂದಿನ ರೂಮು. ಬೀರು, ಕಪಾಟು, ಅಟ್ಟ, ಸಿಂಕಿನ ಕೆಳಗಿನ ಜಾಗ, ಎಲ್ಲಕ್ಕೂ ಇದೇ ಕ್ರಮ. ಜೊತೆಗೆ ಬಂದಿದ್ದ ಗಾರೆಯವರಿಗೆ ಇದು ತಮಾಷೆಯಾಗಿ ಕಂಡಿತು. ಆದರೆ ಹಿಂದಿನ ರೂಮಿನ ಬಾಗಿಲು ತೆಗೆದಾಗ "ನೀರು ಇದೆ ಸಾರ್ ಗೋಡೇಲಿ" ಎಂದು ಮೊದಲು ಹೇಳಿದವರೂ ಅವರೇ.

"ಮುಗ್ಗಲು" ಎಂದು ಎಲ್ಲರೂ ಒಂದೇ ಮಾತಿನಲ್ಲಿ ಹೇಳುತ್ತಿದ್ದದ್ದು ಆರು ಬೇರೆ ಬೇರೆ ವಾಸನೆಗಳ ಕಲಸುಮೇಲೋಗರವಾಗಿತ್ತು.

ಬಚ್ಚಲುಮನೆಯಿಂದ ಬರುತ್ತಿದ್ದ ಕೊಳೆತ ಮೊಟ್ಟೆಯ ವಾಸನೆ ಚರಂಡಿಯ ಗಾಳಿ. ನೆಲದ ಜಾಲರಿಯ ಕೆಳಗೆ ಇರುವ ನಾನಿ ಟ್ರ್ಯಾಪಿನಲ್ಲಿ ಒಂದೆರಡು ಅಂಗುಲ ನೀರು ಯಾವಾಗಲೂ ನಿಂತಿರಬೇಕು. ಚರಂಡಿಯ ಗಾಳಿ ಮೇಲೆ ಬರದಂತೆ ತಡೆಯುವುದು ಆ ನೀರೇ. ಬೀಗ ಹಾಕಿದ ಮನೆಯಲ್ಲಿ ಅದು ಆರಿಹೋಗುತ್ತದೆ. ಆಮೇಲೆ ವಾಸನೆಯೂ ಬರುತ್ತದೆ, ಜಿರಲೆಯೂ ಬರುತ್ತದೆ. ಇದಕ್ಕೆ ಬೇಕಾದ್ದು ಒಂದು ಬಕೆಟ್ ನೀರು. ಅದರ ಮೇಲೆ ಎರಡು ಚಮಚ ಅಡುಗೆ ಎಣ್ಣೆ ಬಿಟ್ಟರೆ ಪದರ ಕಟ್ಟಿ, ನೀರು ಆರುವುದು ನಿಧಾನವಾಗುತ್ತದೆ. ಸಾವಿರಾರು ರೂಪಾಯಿಯ ಸುಗಂಧ ಮಾಡಲಾಗದ ಕೆಲಸವನ್ನು ಒಂದು ಬಕೆಟ್ ನೀರು ಮಾಡಿತು. ಬೀಗ ಹಾಕಿದ ಮನೆ, ಫ್ಲ್ಯಾಟು ಇರುವವರು ಬೇರೇನೂ ಓದದಿದ್ದರೂ ಇದೊಂದನ್ನು ಗಮನಿಸಿ.

ಅಡುಗೆಮನೆಯದು ಮೂರು ದಶಕದ ಒಗ್ಗರಣೆಯ ಜಿಡ್ಡು. ಚಿಮಣಿ ಇಲ್ಲದ ಕಾಲದ ಮನೆ. ಎಣ್ಣೆ ಆವಿಯಾಗಿ ಹೋಗಿ ಚಾವಣಿಯ ಮೂಲೆಗಳಲ್ಲಿ, ಎಕ್ಸಾಸ್ಟ್ ಫ್ಯಾನಿನ ರೆಕ್ಕೆಯಲ್ಲಿ ಕೂತು ಹಳಸಿತ್ತು. ಮೇಲೆ ಬಣ್ಣ ಬಳಿದರೆ ಬಣ್ಣವೂ ಹಿಡಿಯುವುದಿಲ್ಲ, ವಾಸನೆಯೂ ಹೋಗುವುದಿಲ್ಲ. ಬಿಸಿನೀರಿಗೆ ಬಟ್ಟೆ ಸೋಡಾ ಹಾಕಿ ಉಜ್ಜಿ, ತೊಳೆದು, ಒಣಗಿದ ಮೇಲಷ್ಟೇ ಬಣ್ಣ.

ಕಪಾಟುಗಳಲ್ಲಿ ಡಾಂಬರು ಗುಳಿಗೆ. ಟೀಚರು ಮನೆ ಬಿಟ್ಟು ಹೋಗುವಾಗ ರೇಷ್ಮೆ ಸೀರೆಗಳ ನಡುವೆ ಮುಷ್ಟಿಗಟ್ಟಲೆ ಹಾಕಿ ಹೋಗಿದ್ದರು. ಸೀರೆ ಖಾಲಿ ಮಾಡಿ ತಿಂಗಳಾದರೂ ಮರ ಆ ವಾಸನೆಯನ್ನು ಬಿಡುವುದಿಲ್ಲ. ಬಾಗಿಲು ತೆರೆದಿಟ್ಟು ಗಾಳಿಯಾಡಿಸಿ, ಒಳಗೆ ಇದ್ದಿಲು ತುಂಬಿದ ತಟ್ಟೆಗಳನ್ನಿಟ್ಟು, ಕೊನೆಗೆ ಒಳಮೈಗೆ ಅರಗಿನ ಫ್ರೆಂಚ್ ಪಾಲಿಶ್ ಹೊಡೆಸಿದೆವು. ಅರಗು ಮರದ ರಂಧ್ರಗಳನ್ನು ಮುಚ್ಚಿ ಒಳಗಿನ ವಾಸನೆಯನ್ನು ಅಲ್ಲೇ ತಡೆಯುತ್ತದೆ. ಹತ್ತಿ ಹಾಸಿಗೆಗಳು ನಾಲ್ಕಿದ್ದವು, ಥಂಡಿ ಹೀರಿ ಬೂಷ್ಟು ಬಂದಿದ್ದವು. ಅವಕ್ಕೆ ಚಿಕಿತ್ಸೆ ಇಲ್ಲ, ಸಾಗಹಾಕಿದ್ದೇ ಪರಿಹಾರ. ದೇವರಮನೆಯ ಚಾವಣಿಯಲ್ಲಿ ಊದುಬತ್ತಿ, ಎಣ್ಣೆದೀಪದ ಮಸಿ.

ಉಳಿದದ್ದು ಹಿಂದಿನ ರೂಮಿನ ಗೋಡೆ. ಅಸಲು ಸಮಸ್ಯೆ ಇದೇ.

ಗೋಡೆ

ರೂಮಿಗೂ ಬಚ್ಚಲಿಗೂ ನಡುವೆ ಒಂದೇ ಗೋಡೆ. ರೂಮಿನ ಕಡೆ ಬೀರು ಇಟ್ಟಿದ್ದರು. ಬೀರು ಸರಿಸಿದಾಗ ನೆಲದಿಂದ ಎದೆಮಟ್ಟದವರೆಗೆ ಬಣ್ಣ ಉಬ್ಬಿ, ಬಿಳಿ ಉಪ್ಪು ಹೊಮ್ಮಿತ್ತು. ಹಿಂದೊಮ್ಮೆ ಅದರ ಮೇಲೆ ಪುಟ್ಟಿ ಬಳಿದು ಬಣ್ಣ ಹೊಡೆಸಿದ್ದರು. ಅದೂ ಸಿಪ್ಪೆ ಎದ್ದಿತ್ತು.

ಗೋಡೆಯಲ್ಲಿ ಇರುವುದು ಒಳಗಿನ ನೀರೋ, ಗಾಳಿಯಾಡದೆ ಹೊರಮೈಯಲ್ಲಿ ಕಟ್ಟಿದ ಥಂಡಿಯೋ ಎಂದು ತಿಳಿಯಲು ದುಬಾರಿ ಉಪಕರಣ ಬೇಡ. ಒಂದು ಚೌಕ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚಿಗೆ ಟೇಪು ಹಾಕಿ ಗೋಡೆಗೆ ಅಂಟಿಸಿ ಒಂದು ದಿನ ಬಿಡಬೇಕು. ಹಾಳೆಯ ಒಳಬದಿಗೆ ಹನಿ ಕಟ್ಟಿದರೆ ನೀರು ಗೋಡೆಯಿಂದ ಬರುತ್ತಿದೆ, ಹೊರಬದಿಗೆ ಕಟ್ಟಿದರೆ ರೂಮಿನ ಗಾಳಿಯಿಂದ. ಇಲ್ಲಿ ಒಳಬದಿಯೇ ಒದ್ದೆಯಾಗಿತ್ತು. ಆಮೇಲೆ ಎಲ್ಲ ನಲ್ಲಿ ಭದ್ರವಾಗಿ ತಿರುಗಿಸಿ, ತಾರಸಿಯ ಟ್ಯಾಂಕಿಗೆ ನೀರು ಬರುವುದನ್ನೂ ನಿಲ್ಲಿಸಿ, ರಾತ್ರಿ ನೀರಿನ ಮಟ್ಟಕ್ಕೆ ಗುರುತು ಹಾಕಿದೆವು. ಬೆಳಿಗ್ಗೆಗೆ ಮಟ್ಟ ಇಳಿದಿತ್ತು. ಯಾರೂ ಇಲ್ಲದ ಮನೆಯಲ್ಲಿ ನೀರು ಖರ್ಚಾಗುತ್ತಿತ್ತು.

ಆ ಕಾಲದ ಮನೆಗಳಲ್ಲಿ ಗೋಡೆಯೊಳಗೆ ಹೂಳುತ್ತಿದ್ದದ್ದು ಜಿ.ಐ. ಪೈಪು, ಅಂದರೆ ಸತು ಲೇಪಿಸಿದ ಕಬ್ಬಿಣದ್ದು. ಒಳಗಿಂದಲೇ ತುಕ್ಕು ಹಿಡಿದು ತಿರುವುಗಳಲ್ಲಿ ತೂತಾಗುತ್ತದೆ. ಇಲ್ಲಿಯೂ ಹಾಗೇ, ಗೀಸರಿಗೆ ಹೋಗುವ ಮೊಣಕೈ ತಿರುವಿನಲ್ಲಿ ಸೋರುತ್ತಿತ್ತು. ಗೋಡೆಯನ್ನೆಲ್ಲ ಒಡೆಯುವ ಬದಲು ಹಳೇ ಪೈಪಿಗೆ ಬಿರಡೆ ಹಾಕಿ, ಬಚ್ಚಲಿನ ಕಡೆಯಿಂದ ತುಕ್ಕು ಹಿಡಿಯದ ಹೊಸ ಸಿ.ಪಿ.ವಿ.ಸಿ. ಪ್ಲಾಸ್ಟಿಕ್ ಪೈಪು ಎಳೆಸಿದೆವು. ರೂಮಿನ ಕಡೆ ಉಪ್ಪು ಹಿಡಿದ ಗಾರೆಯನ್ನು ಇಟ್ಟಿಗೆ ಕಾಣುವವರೆಗೆ ಕೆತ್ತಿಸಿ, ಹಾಗೇ ಬಿಟ್ಟೆವು.

ಹಾಗೇ ಬಿಡುವುದೇ ಕಷ್ಟದ ಕೆಲಸ. ಮಗಳಿಗೆ ಅವಸರ. ಶ್ರಾವಣ ಬಂತು, ಜನ ಕೇಳುತ್ತಿದ್ದಾರೆ, ಪ್ಲಾಸ್ಟರ್ ಮಾಡಿ ಬಣ್ಣ ಹೊಡೆದುಬಿಡಿ ಎಂದು ಫೋನು. ಒದ್ದೆ ಇಟ್ಟಿಗೆಯ ಮೇಲೆ ಗಾರೆ ಹಾಕಿದರೆ ಉಪ್ಪು ಮತ್ತೆ ಹೊರಗೆ ಬರುತ್ತದೆ. ಹಾಕಿದ ಗಾರೆಯೂ ಕ್ಯೂರಿಂಗ್ ಆಗಿ ಒಣಗಲು ನಾಲ್ಕು ವಾರ ಬೇಕು. ಕೊನೆಗೆ ನಮ್ಮನ್ನು ಕಾಪಾಡಿದ್ದು ಪಂಚಾಂಗ. ಭಾದ್ರಪದದ ಪಿತೃಪಕ್ಷದಲ್ಲಿ ಯಾರೂ ಮನೆ ನೋಡಲು ಬರುವುದಿಲ್ಲ, ಬಂದರೂ ಮಾತು ಮುಂದುವರಿಸುವುದಿಲ್ಲ. ಆ ಹದಿನೈದು ದಿನವೂ ಸೇರಿ ಗೋಡೆ ಒಣಗಿತು. ಬಣ್ಣದವರು ಬಂದದ್ದು ನವರಾತ್ರಿಗೆ ಮುಂಚೆ. ಮೈಸೂರಿನಲ್ಲಿ ಜುಲೈಗಿಂತ ಅಕ್ಟೋಬರಿನಲ್ಲೇ ಮಳೆ ಹೆಚ್ಚು. ರಿಪೇರಿ ಗಟ್ಟಿಯಾಯಿತೋ ಇಲ್ಲವೋ ಎಂಬುದನ್ನು ಆ ಮಳೆಯೇ ಪರೀಕ್ಷೆ ಮಾಡಲಿ ಎಂದು ಬೀರನ್ನು ವಾಪಸು ಅಲ್ಲಿ ಇಡಲಿಲ್ಲ.

ಇಲ್ಲಿ ಬ್ರೋಕರಿಗೂ ನನಗೂ ಒಂದು ಜಟಾಪಟಿ ನಡೆಯಿತು. ಸೋರಿಕೆಯ ವಿಷಯ ಗಿರಾಕಿಗಳಿಗೆ ಹೇಳುವುದು ಬೇಡ, ಸರಿಯಾಯಿತಲ್ಲ ಎನ್ನುವುದು ಆತನ ವಾದ. 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 55ನೇ ಕಲಮು ಈ ವಿಷಯದಲ್ಲಿ ಸ್ಪಷ್ಟವಾಗಿದೆ. ಮಾರುವವರಿಗೆ ಗೊತ್ತಿದ್ದು, ಕೊಳ್ಳುವವರು ಸಾಮಾನ್ಯ ಎಚ್ಚರಿಕೆಯಿಂದ ನೋಡಿದರೂ ಕಂಡುಹಿಡಿಯಲಾಗದ ಮಹತ್ವದ ದೋಷವಿದ್ದರೆ ಅದನ್ನು ತಿಳಿಸಲೇಬೇಕು. ತಿಳಿಸದಿರುವುದನ್ನು ಕಾಯ್ದೆ ವಂಚನೆಯೆಂದೇ ಕರೆಯುತ್ತದೆ. ಸರಿಪಡಿಸಿ ಮುಗಿದ ಸೋರಿಕೆ ಈ ವ್ಯಾಖ್ಯೆಯೊಳಗೆ ಬರುತ್ತದೋ ಇಲ್ಲವೋ ಎಂದು ವಕೀಲರು ಚರ್ಚೆ ಮಾಡಬಹುದು. ಆದರೆ ಒದ್ದೆ ಗೋಡೆಯ ಮುಂದೆ ಬೀರು ನಿಲ್ಲಿಸಿ ಲ್ಯಾವೆಂಡರ್ ಹಚ್ಚುವುದಕ್ಕೆ ಏನು ಹೆಸರು ಎಂಬುದರಲ್ಲಿ ಚರ್ಚೆಗೆ ಜಾಗ ಕಡಿಮೆ. ನಾವು ಕೆತ್ತಿದ ಗೋಡೆಯ ಫೋಟೋ, ಪ್ಲಂಬರ್ ಬಿಲ್ಲು, ಪೈಪಿನ ತುಕ್ಕು ಹಿಡಿದ ತುಂಡು ಎಲ್ಲವನ್ನೂ ಒಂದು ಕವರಿನಲ್ಲಿ ಹಾಕಿಟ್ಟೆವು. ಟೀಚರು ಇದಕ್ಕೆ ಕೂಡಲೇ ಒಪ್ಪಿದರು. "ನಾಳೆ ಆ ಮನೇಲಿ ಮಕ್ಕಳು ಮಲಗ್ತಾರೆ, ಹೇಳದೆ ಇರೋಕಾಗುತ್ತಾ?" ಎಂದರು.

ಏನು ತೆಗೆದದ್ದು, ಏನು ಉಳಿಸಿದ್ದು

ಮಾರಾಟಕ್ಕೆ ಮುನ್ನ ಮನೆಯನ್ನು ಅಣಿಗೊಳಿಸುವ ಕಸುಬಿಗೆ ಅಮೆರಿಕದಲ್ಲಿ ಹೋಮ್ ಸ್ಟೇಜಿಂಗ್ ಎನ್ನುತ್ತಾರೆ. 1970ರ ದಶಕದಲ್ಲಿ ಬಾರ್ಬ್ ಶ್ವಾರ್ಜ್ ಎಂಬಾಕೆ ಅದಕ್ಕೊಂದು ರೂಪ ಕೊಟ್ಟವರು. ಆ ಕಸುಬಿನ ದೊಡ್ಡ ಸೂತ್ರ, ಇದ್ದವರ ಗುರುತು ಅಳಿಸಬೇಕು, ಬರುವವರು ತಮ್ಮನ್ನು ಅಲ್ಲಿ ಕಲ್ಪಿಸಿಕೊಳ್ಳಬೇಕು ಎಂಬುದು. ಕುಟುಂಬದ ಫೋಟೋ ತೆಗೆಯಿರಿ, ಧರ್ಮದ ಚಿಹ್ನೆ ತೆಗೆಯಿರಿ. ನಮ್ಮಲ್ಲಿ ಇದು ಅರ್ಧ ಸರಿ.

ತೆಗೆದದ್ದು ಬಹಳ. ಎರಡು ಬೀರು, ಮುರಿದ ಊಟದ ಮೇಜು, ಷೋಕೇಸಿನ ಬಹುಮಾನದ ಕಪ್ಪುಗಳು, ಒಂದರ ಮೇಲೊಂದು ನೇತುಹಾಕಿದ್ದ ಕ್ಯಾಲೆಂಡರುಗಳು, ಅಟ್ಟದ ತುಂಬ ತುಂಬಿದ್ದ ಹಿತ್ತಾಳೆ ಪಾತ್ರೆ. ಸಾಮಾನು ಇಳಿದಂತೆಲ್ಲ ಹಾಲ್ ದೊಡ್ಡದಾಯಿತು. ಅಟ್ಟ ಖಾಲಿಯಾಗಿದ್ದರೆ ಗಿರಾಕಿಗಳಲ್ಲಿ ಹೆಂಗಸರು ಮೊದಲು ಗಮನಿಸುವುದು ಅದನ್ನೇ. ಇದು ನಾನು ಅನೇಕ ಮನೆಗಳಲ್ಲಿ ಕಂಡದ್ದು.

ಹಾಲಿನಲ್ಲಿ ಟೀಚರ ಯಜಮಾನರ ಹಾರ ಹಾಕಿದ ದೊಡ್ಡ ಫೋಟೋ ಇತ್ತು. ಬಾಗಿಲು ತೆಗೆದ ಕೂಡಲೇ ಎದುರಿಗೆ ಕಾಣುವುದು ಅದು. ಮಗಳು ಹೇಳಲಾರದೆ ನನ್ನ ಕೈಲಿ ಹೇಳಿಸಿದಳು. ಟೀಚರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅವರನ್ನ ನಾನು ಬೆಂಗಳೂರಿಗೆ ಕರ್ಕೊಂಡು ಹೋಗ್ತೀನಿ. ದೇವರನ್ನ ಮಾತ್ರ ಮುಟ್ಟಬೇಡ ಕಣಪ್ಪ, ರಿಜಿಸ್ಟ್ರೇಷನ್ ಆಗೋವರೆಗೂ ಇಲ್ಲೇ ಇರಲಿ" ಎಂದರು. ದೇವರಮನೆ ಹಾಗೇ ಉಳಿಯಿತು. ಮಸಿ ತೊಳೆಸಿ ಸುಣ್ಣ ಹೊಡೆಸಿ, ಹತ್ತಾರು ಪಟಗಳಲ್ಲಿ ಮೂರನ್ನು ಉಳಿಸಿ, ಒಂದು ದೀಪ. ನನ್ನ ಲೆಕ್ಕದಲ್ಲಿ ಇದು ಸರಿಯಾದ ನಿರ್ಧಾರ. ದೇವರಮನೆ ಬರಿದಾಗಿ ಕಂಡರೆ ನಮ್ಮ ಜನಕ್ಕೆ ಅದು "ಸ್ವಚ್ಛ ಜಾಗ" ಅನ್ನಿಸುವುದಿಲ್ಲ, "ಬಿಟ್ಟುಹೋದ ಮನೆ" ಅನ್ನಿಸುತ್ತದೆ. ಬೇರೆ ಧರ್ಮದವರು ಬಂದರೆ? ಬಂದಿದ್ದರು. ಅವರು ಆ ಜಾಗ ನೋಡಿ ಪುಸ್ತಕದ ಕಪಾಟು ಮಾಡಬಹುದೇ ಎಂದು ಅಳತೆ ಕೇಳಿದರು, ಅಷ್ಟೇ.

ನೆಲ ಈ ಮನೆಯ ಆಸ್ತಿ. ಕೊಳೆ ಹಿಡಿದು ಕಂದಿದ ಮೊಸಾಯಿಕ್‌ಗೆ ಮೆಷಿನ್ ಪಾಲಿಶ್ ಮಾಡಿಸಿದ ಮೇಲೆ ಕಲ್ಲಿನ ಚೂರುಗಳು ಮತ್ತೆ ಹೊಳೆದವು. ಅದರ ಮೇಲೆ ಟೈಲ್ಸ್ ಅಂಟಿಸಿಬಿಡೋಣ ಎಂದು ಬ್ರೋಕರ್ ಒತ್ತಾಯಿಸಿದ್ದ. ಈಗ ಮೊಸಾಯಿಕ್ ಹುಡುಕಿಕೊಂಡು ಬರುವವರೇ ಇದ್ದಾರೆ ಎಂದು ಆತನಿಗೆ ನಂಬಿಕೆಯಾಗಲಿಲ್ಲ. ಬೆಳಕು ಇನ್ನೊಂದು ವಿಷಯ. ಒಂದು ರೂಮಿನಲ್ಲಿ 6500 ಕೆಲ್ವಿನ್ನಿನ ನೀಲಿ ಛಾಯೆಯ ಟ್ಯೂಬು, ಇನ್ನೊಂದರಲ್ಲಿ ಹಳದಿ ಬಲ್ಬು. ಎಲ್ಲವನ್ನೂ 4000 ಕೆಲ್ವಿನ್ನಿನ, ಅಂದರೆ ನೀಲಿಯೂ ಅಲ್ಲದ ಹಳದಿಯೂ ಅಲ್ಲದ, ಒಂದೇ ಬಗೆಗೆ ತಂದೆವು. ಗೋಡೆಗೆ ಮಾಸಲು ಬಿಳಿ. ಪರದೆ ಹೊಸದು, ಅದನ್ನು ಮಗಳೇ ಆರಿಸಿದಳು. ಹೊರಗೆ ಗೇಟಿಗೆ ಎಣ್ಣೆ ಹಾಕಿಸಿದ್ದು, ತುಳಸಿಕಟ್ಟೆಗೆ ಕೆಮ್ಮಣ್ಣು ಬಳಿಸಿದ್ದು ಬಿಟ್ಟರೆ ಹೆಚ್ಚೇನೂ ಇಲ್ಲ.

ಬಣ್ಣದ ಬಗ್ಗೆ ಒಂದು ಎಚ್ಚರಿಕೆ. ಹಸಿ ಬಣ್ಣದ ವಾಸನೆಯೂ ಅನುಮಾನದ ವಾಸನೆಯೇ. ನಿನ್ನೆ ಮೊನ್ನೆ ಹೊಡೆಸಿದ್ದು ಎಂದು ಮೂಗಿಗೆ ಗೊತ್ತಾದರೆ ಗಿರಾಕಿ ಮತ್ತೆ ಗೋಡೆ ತಟ್ಟುತ್ತಾರೆ. ಬಣ್ಣ ಮುಗಿದ ಮೇಲೆ ದಸರೆ ಕಳೆಯುವವರೆಗೆ ಕಿಟಕಿ ತೆರೆದಿಟ್ಟು ಕಾದದ್ದು ಅದಕ್ಕೇ. ಜಂಬೂಸವಾರಿಯ ವಾರದಲ್ಲಿ ಮೈಸೂರಿನ ರಸ್ತೆಗಳಲ್ಲಿ ಮನೆ ತೋರಿಸುವುದೂ ಆಗದ ಮಾತು.

ಕೊನೆಗೆ, ಪರಿಮಳ

ಇಷ್ಟೆಲ್ಲ ಆದ ಮೇಲೆ ಮನೆಯಲ್ಲಿ ಯಾವ ವಾಸನೆಯೂ ಇರಲಿಲ್ಲ. ಅಲ್ಲಿಗೇ ನಿಲ್ಲಿಸಿದ್ದರೂ ನಡೆಯುತ್ತಿತ್ತು. ಖಾಲಿ ಮನೆ ತೀರಾ ನಿರ್ಜೀವವಾಗಿ ಕಾಣಬಾರದೆಂದು ತುಸು ಏನಾದರೂ ಬೇಕೆನಿಸಿತು.

ಚಂದನದ ಊರು ಇದು. ಗಂಧದೆಣ್ಣೆ ಕಾರ್ಖಾನೆ 1916ರಲ್ಲೇ ಶುರುವಾದದ್ದು ಇಲ್ಲಿ, ಮೈಸೂರು ಅಗರಬತ್ತಿಗೆ ಭೌಗೋಳಿಕ ಸೂಚಕದ ಮನ್ನಣೆ ಬೇರೆ ಇದೆ. ಗಂಧದ ಊದುಬತ್ತಿ ಹಚ್ಚೋಣ ಎಂಬುದೇ ಎಲ್ಲರ ಸಲಹೆ. ನಾನು ಬೇಡವೆಂದೆ. ಹೊಗೆ ಅಂದರೆ ಉಬ್ಬಸ ಇರುವವರಿಗೆ ಕೆಮ್ಮು. ಅದಕ್ಕಿಂತ ಮುಖ್ಯವಾಗಿ, ಊದುಬತ್ತಿ ಅಂದರೆ ಪೂಜೆ ಅಥವಾ ಸಾವು, ಎರಡರಲ್ಲಿ ಒಂದು ನೆನಪಾಗುತ್ತದೆ. ಲಾವಂಚದ ಬೇರು ನನಗೆ ಬಹಳ ಇಷ್ಟ, ಆದರೆ ಅದರ ಮಣ್ಣಿನ ಘಮ ಗೋಡೆಯ ಇತಿಹಾಸ ಕೇಳಿದವರಿಗೆ ಥಂಡಿಯಂತೆ ತೋರಬಹುದು. ಮಲ್ಲಿಗೆ ಚೆನ್ನ, ಸಂಜೆಯ ಹೊತ್ತಿಗೆ ಬಾಡಿ ಬೇರೆಯೇ ವಾಸನೆ.

ಸರಳ ಪರಿಮಳದ ಪರವಾಗಿ ಒಂದು ಅಧ್ಯಯನವೂ ಇದೆ. ವಾಷಿಂಗ್ಟನ್ ಸ್ಟೇಟ್ ವಿಶ್ವವಿದ್ಯಾಲಯದ ಎರಿಕ್ ಸ್ಪಾಂಗೆನ್‌ಬರ್ಗ್ ಮತ್ತು ಸಂಗಡಿಗರು ಸ್ವಿಟ್ಜರ್ಲೆಂಡಿನ ಮನೆಯಲಂಕಾರದ ಅಂಗಡಿಯೊಂದರಲ್ಲಿ ಪ್ರಯೋಗ ಮಾಡಿ 2013ರಲ್ಲಿ ಪ್ರಕಟಿಸಿದ್ದು. ಬರೀ ಕಿತ್ತಳೆಯ ಪರಿಮಳ ಇದ್ದ ದಿನಗಳಲ್ಲಿ ಗಿರಾಕಿಗಳು ಸರಾಸರಿ ಶೇ. 20ರಷ್ಟು ಹೆಚ್ಚು ಖರ್ಚು ಮಾಡಿದರು. ಕಿತ್ತಳೆಗೆ ತುಳಸಿಜಾತಿಯ ಸೊಪ್ಪು, ಗ್ರೀನ್ ಟೀ ಬೆರೆಸಿದ ಪರಿಮಳಕ್ಕೆ ಆ ಗುಣ ಕಾಣಲಿಲ್ಲ. ಮೂಗು ಗುರುತಿಸಲು ಹೆಣಗಬೇಕಾದ ಪರಿಮಳ ತಲೆಗೆ ಹೊರೆ ಎಂಬುದು ಅವರ ವಿವರಣೆ. ಅಂಗಡಿಯ ಹೂದಾನಿಗೂ ಕೋಟಿ ರೂಪಾಯಿಯ ಮನೆಗೂ ಬಹಳ ದೂರ, ಶೇ. 20ನ್ನು ಯಾರೂ ಮನೆ ಬೆಲೆಗೆ ಗುಣಿಸಿ ಕೂರಬೇಡಿ. ಆದರೆ ಒಂದೇ ಪರಿಮಳ, ಅದೂ ಎಲ್ಲರಿಗೂ ಪರಿಚಿತವಾದದ್ದು ಎಂಬ ಮಾತು ನಮ್ಮ ಕೆಲಸಕ್ಕೆ ಸಾಕಾಯಿತು. ನೆಲ ಒರೆಸುವ ಬಕೆಟ್ಟಿಗೆ ನಿಂಬೆಹುಲ್ಲಿನ ಎಣ್ಣೆ ಕೆಲವೇ ತೊಟ್ಟು. ಒರೆಸಿದ ಮೇಲೆ ಎರಡು ಗಂಟೆ ಎಲ್ಲ ಕಿಟಕಿ ತೆರೆದಿಡುವುದು. ಬಂದವರಿಗೆ ಈಗಷ್ಟೇ ಒರೆಸಿದ ಮನೆ ಅನ್ನಿಸಬೇಕೇ ಹೊರತು "ಏನೋ ಘಮ ಇದೆ" ಅನ್ನಿಸಬಾರದು. ಕೇಳಿದವರು ಯಾರೂ ಇಲ್ಲ.

ಮನೆ ತೋರಿಸಿದ್ದೆಲ್ಲ ಬೆಳಿಗ್ಗೆ, ಪೂರ್ವದ ಬಿಸಿಲು ಹಾಲಿಗೆ ಬೀಳುವ ಹೊತ್ತು, ರಾಹುಕಾಲ ಬಿಟ್ಟು. ಹಿಂದೆ ಬಾಗಿಲಿಂದಲೇ ತಿರುಗುತ್ತಿದ್ದ ಜನ ಈಗ ಮೇಲಿನ ರೂಮಿಗೂ ಹತ್ತಿದರು, ಕಪಾಟು ತೆಗೆದು ನೋಡಿದರು, ಕುರ್ಚಿಯಲ್ಲಿ ಕೂತರು. ಪ್ರಶ್ನೆಗಳೂ ಬದಲಾದವು. ಫ್ರಿಜ್ಜು ಎಲ್ಲಿ ಇಡುತ್ತಿದ್ದಿರಿ, ಮಧ್ಯಾಹ್ನ ಯಾವ ರೂಮು ಬಿಸಿ, ಕಾವೇರಿ ನೀರು ಎಷ್ಟು ಹೊತ್ತಿಗೆ ಬರುತ್ತದೆ.

ಕಾರ್ತಿಕದಲ್ಲಿ ಒಪ್ಪಂದವಾಯಿತು. ಕೊಂಡವರು ಹಾಸನದಿಂದ ವರ್ಗವಾಗಿ ಬಂದ ದಂಪತಿ, ಇಬ್ಬರು ಶಾಲೆಗೆ ಹೋಗುವ ಮಕ್ಕಳು. ಕವರು ಕೊಟ್ಟಾಗ ಆತ ತುಕ್ಕಿನ ಪೈಪು ತಿರುಗಿಸಿ ನೋಡಿ, ಉಳಿದ ಪೈಪುಗಳ ಗತಿ ಏನು ಎಂದು ಕೇಳಿದರು. ನ್ಯಾಯವಾದ ಪ್ರಶ್ನೆ. ಅವೂ ಅದೇ ವಯಸ್ಸಿನವು, ಇನ್ನು ಕೆಲವು ವರ್ಷಕ್ಕೆ ಬದಲಾಯಿಸಬೇಕಾಗುತ್ತದೆ ಎಂದು ಹೇಳಿದೆವು. ಅದನ್ನೇ ಹಿಡಿದು ಚೌಕಾಸಿ ಮಾಡಿ 1 ಕೋಟಿ 22 ಲಕ್ಷಕ್ಕೆ ಮುಗಿಸಿದರು. ಧನುರ್ಮಾಸ ಹುಟ್ಟುವ ಮೊದಲೇ ರಿಜಿಸ್ಟ್ರೇಷನ್.

ಸೈಟ್ ರೇಟಿನ ಮಾತಿಗೂ ಇದಕ್ಕೂ 17 ಲಕ್ಷದ ವ್ಯತ್ಯಾಸ. ಇದೆಲ್ಲ ನಮ್ಮ ಕೆಲಸದ ಫಲ ಎನ್ನಲಾರೆ. ಆಷಾಢದ ಮಾರುಕಟ್ಟೆ ಬೇರೆ, ಕಾರ್ತಿಕದ್ದು ಬೇರೆ. ಸರಿಯಾದ ಕುಟುಂಬ ಸರಿಯಾದ ಹೊತ್ತಿಗೆ ಬಂದದ್ದೂ ಇದೆ. ಖರ್ಚು ಒಟ್ಟು ಒಂದೂವರೆ ಲಕ್ಷದ ಸುತ್ತ ಆಯಿತು. ಅದರಲ್ಲಿ ದೊಡ್ಡ ಪಾಲು ಬಣ್ಣಕ್ಕೆ, ಆಮೇಲೆ ಗೋಡೆ ಮತ್ತು ಪೈಪಿಗೆ, ಮೂರನೆಯದು ನೆಲದ ಪಾಲಿಶ್‌ಗೆ. ಪರಿಮಳದ ಬಾಬ್ತು ಕೆಲವು ನೂರು ರೂಪಾಯಿ ದಾಟಲಿಲ್ಲ. ದಂಡವಾದದ್ದು ಪರದೆಗಳ ಹನ್ನೊಂದು ಸಾವಿರ. ಹೊಸಬರು ಗೃಹಪ್ರವೇಶಕ್ಕೆ ಮೊದಲೇ ಅವನ್ನು ಬಿಚ್ಚಿ ಕೆಲಸದವಳಿಗೆ ಕೊಟ್ಟುಬಿಟ್ಟರು. ಮಗಳಿಗೆ ಈ ವಿಷಯವನ್ನು ನಾನಂತೂ ಹೇಳಿಲ್ಲ.